ಉತ್ತರ ಅಂದ್ರೆ ಯಾವ ಉತ್ತರ?

ಡಾ. ಡಿ.ಎಂ. ನಂಜುಂಡಪ್ಪ ವರದಿಯ ಹೆಸರು ಕೇಳದವರು ಕಡಿಮೆ, ತೆರೆದು ನೋಡಿದವರು ಇನ್ನೂ ಕಡಿಮೆ. ಬೆಳಗಾವಿ ಅಧಿವೇಶನ ಶುರುವಾದ್ರೆ ಸಾಕು, ಹತ್ತು ದಿನ ಟೀವಿ ತುಂಬಾ ಇದೇ ಹೆಸರು. ಎಲ್ಲಾ ಪಕ್ಷದವರೂ ಅದನ್ನು ಅನುಷ್ಠಾನ ಮಾಡ್ತೀವಿ ಅಂತಾರೆ. ಯಾರೂ ಬೇಡ ಅನ್ನದ ವರದಿಯ ಬಗ್ಗೆ ನನಗೆ ಮೊದಲಿಂದಲೂ ಸ್ವಲ್ಪ ಅನುಮಾನ.

2000ದಲ್ಲಿ ಸಮಿತಿ ಆಯ್ತು, 2002ರಲ್ಲಿ ವರದಿ ಬಂತು. ಅಂದಿನ 175 ತಾಲ್ಲೂಕುಗಳನ್ನು 35 ಸೂಚ್ಯಂಕಗಳಲ್ಲಿ ಅಳೆದು, ರಾಜ್ಯದ ಸರಾಸರಿಯನ್ನು 1 ಅಂತಿಟ್ಟುಕೊಂಡರು. ಅದಕ್ಕಿಂತ ಕೆಳಗಿದ್ದವು 114. ಅದರಲ್ಲಿ 39 ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳು. ವರದಿಯ ದೊಡ್ಡ ಗುಣ ಇರೋದು ಇಲ್ಲೇ: ‘ಉತ್ತರ ಕರ್ನಾಟಕ’ ಅನ್ನೋ ಒಂದೇ ಉಂಡೆಯನ್ನು ಅದು ಒಡೆದು ನೋಡಿತು. ಆ 114ರಲ್ಲಿ ಉತ್ತರದ್ದು 59, ದಕ್ಷಿಣದ್ದು 55. ಹೆಚ್ಚುಕಮ್ಮಿ ಸಮ. ಬೆಂಗಳೂರಿನ ಮಗ್ಗುಲಲ್ಲೇ ಇರುವ ಕನಕಪುರ ಕೂಡ 39ರ ಪಟ್ಟಿಯಲ್ಲಿತ್ತು. ಆದ್ರೆ ಆ 39ರಲ್ಲಿ 26 ಉತ್ತರದ್ದು, ಅದರಲ್ಲೂ 21 ಕಲಬುರಗಿ ವಿಭಾಗವೊಂದರದ್ದೇ. ಅಂದ್ರೆ ಬಡತನದ ತಳ ಎಲ್ಲಿದೆ ಅಂತ ನಕಾಶೆಯಲ್ಲಿ ಬೆರಳಿಟ್ಟು ತೋರಿಸಿದ ಹಾಗೆ.

ಇಷ್ಟು ಸ್ಪಷ್ಟವಾಗಿ ತೋರಿಸಿದ ಮೇಲೂ ರಾಜಕೀಯ ಮತ್ತೆ ಅದೇ ಉಂಡೆಗೆ ವಾಪಸ್ ಹೋಯ್ತು. ರಾಯಚೂರಿನವರು ಐಐಟಿ ಕೇಳಿದರು. ಅದು ಧಾರವಾಡಕ್ಕೆ ಹೋಯ್ತು. ‘ಉತ್ತರ ಕರ್ನಾಟಕಕ್ಕೇ ಕೊಟ್ಟಿದ್ದೀವಲ್ಲ’ ಅನ್ನೋಕೆ ಅಡ್ಡಿ ಏನಿದೆ? ಧಾರವಾಡದ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಧಾರವಾಡ, ರಾಯಚೂರು ಎರಡನ್ನೂ ಒಂದೇ ಖಾತೆಗೆ ಬರೆದರೆ 35 ಸೂಚ್ಯಂಕ ಲೆಕ್ಕ ಹಾಕಿದ್ದು ಯಾಕೆ? ರಾಯಚೂರಿಗೆ ಆಮೇಲೆ ಐಐಐಟಿ ಬಂತು. ಏಮ್ಸ್‌ಗಾಗಿ 2022ರಲ್ಲಿ ಧರಣಿ ಕೂತವರು ಸಾವಿರ ದಿನ ದಾಟಿಸಿದರು.

ಇನ್ನು ದುಡ್ಡು. ಎಂಟು ವರ್ಷದಲ್ಲಿ 31,000 ಕೋಟಿ ಖರ್ಚು ಮಾಡಿ ಅಂತ ಸಮಿತಿ ಹೇಳಿತು. ಅದರಲ್ಲಿ 16,000 ಕೋಟಿ ಹೆಚ್ಚುವರಿ, ಉಳಿದದ್ದು ಮಾಮೂಲಿ ಬಜೆಟ್‌ನಿಂದ. ವಿಶೇಷ ಅಭಿವೃದ್ಧಿ ಯೋಜನೆ ಶುರುವಾಗೋ ಹೊತ್ತಿಗೆ 2007-08. ಮಾಮೂಲಿ ಯಾವುದು, ಹೆಚ್ಚುವರಿ ಯಾವುದು ಅಂತ ಗೆರೆ ಎಳೆಯೋದೇ ಇಲ್ಲಿ ಕಷ್ಟದ ಕೆಲಸ. ಹೇಗಿದ್ರೂ ಆಗಬೇಕಿದ್ದ ಕೆಲಸಕ್ಕೆ ‘ವಿಶೇಷ’ ಅಂತ ಹಣೆಪಟ್ಟಿ ಅಂಟಿಸಿದರೆ ಫೈಲು ಚೆನ್ನಾಗೇ ಕಾಣುತ್ತೆ. ಕಂಪನಿಗಳಲ್ಲಿ ಇರುವವರಿಗೆ ಇದು ಹೊಸದಲ್ಲ: ಹಳೇ ಪ್ರಾಜೆಕ್ಟ್‌ಗೆ ಹೊಸ ಕೋಡ್ ಹಾಕಿ ಕ್ವಾರ್ಟರ್ ಮುಗಿಸೋದನ್ನು ನಾವೆಲ್ಲ ನೋಡಿದ್ದೀವಿ.

2012ರ ಸಂವಿಧಾನ ತಿದ್ದುಪಡಿಯಿಂದ 371-ಜೆ ಬಂತು, ಉದ್ಯೋಗ ಮತ್ತು ಶಿಕ್ಷಣದಲ್ಲಿ ಸ್ಥಳೀಯರಿಗೆ ಮೀಸಲಾತಿ ಸಿಕ್ತು. 2019ರಲ್ಲಿ ಹೈದರಾಬಾದ್ ಕರ್ನಾಟಕ ‘ಕಲ್ಯಾಣ ಕರ್ನಾಟಕ’ ಆಯ್ತು. ಹೆಸರು ಬದಲಾಯಿಸೋಕೆ ಸಿಮೆಂಟ್ ಬೇಕಿಲ್ಲ, ಹಾಗಾಗಿ ಅದು ಬೇಗ ಆಗುತ್ತೆ. ಪ್ರದೇಶಾಭಿವೃದ್ಧಿ ಮಂಡಳಿಗೆ ಈಗ ವರ್ಷಕ್ಕೆ 5,000 ಕೋಟಿ ಘೋಷಣೆ. ಮೊತ್ತ ದೊಡ್ಡದೇ. ನನ್ನ ತಕರಾರು ಅದು ಯಾವುದರ ಮೇಲೆ ಖರ್ಚಾಗುತ್ತೆ ಅನ್ನೋದು. ಸಿಸಿ ರಸ್ತೆ, ಸಮುದಾಯ ಭವನ, ಕಾಂಪೌಂಡ್ ಗೋಡೆಗೆ ಶಂಕುಸ್ಥಾಪನೆಯ ಕಲ್ಲು ನೆಡಬಹುದು. ಗಣಿತದ ಮೇಷ್ಟ್ರಿಗೆ ನೆಡೋಕಾಗಲ್ಲ. ಮೇಷ್ಟ್ರ ಸಂಬಳ ವರ್ಷ ವರ್ಷ ಕೊಡಬೇಕು, ನೇಮಕಾತಿಗೆ ಹಣಕಾಸು ಇಲಾಖೆ ಒಪ್ಪಬೇಕು, ಅದು ಮಂಡಳಿಯ ಕೈಲಿಲ್ಲ. ಖಾಲಿ ಹುದ್ದೆಯಲ್ಲಿ ಮೀಸಲಾತಿ ಎಷ್ಟಿದ್ದರೇನು? 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ‘ಅಕ್ಷರ ಆವಿಷ್ಕಾರ’ ಅಂತ ಮಂಡಳಿ ಈಗ ಶಿಕ್ಷಣಕ್ಕೆ ಪ್ರತ್ಯೇಕ ಹಣ ಇಡ್ತಿರೋದು ಒಳ್ಳೇ ಸುದ್ದಿ, ಅಷ್ಟನ್ನು ಒಪ್ಪಬೇಕು.

ಪ್ರೊ. ಎಂ. ಗೋವಿಂದ ರಾವ್ ನೇತೃತ್ವದಲ್ಲಿ 2024ರಲ್ಲಿ ಸರ್ಕಾರ ಮತ್ತೊಂದು ಸಮಿತಿ ಮಾಡಿತು. ಮಾಡಬೇಕಾದದ್ದೇ. ನಂಜುಂಡಪ್ಪ ಸಮಿತಿ ಲಕ್ಷ ಜನಕ್ಕೆ ಎಷ್ಟು ಟೆಲಿಫೋನ್ ಅಂತ ಎಣಿಸಿದ ಕಾಲದ್ದು. ಈಗ ಫೋನ್ ಎಲ್ಲರ ಕೈಲೂ ಇದೆ, ಮನುಷ್ಯರೇ ಊರಲ್ಲಿಲ್ಲ. ಸುಗ್ಗಿ ಮುಗಿಯುತ್ತಲೇ ಯಾದಗಿರಿ, ರಾಯಚೂರು ಕಡೆಯಿಂದ ಕುಟುಂಬ ಕುಟುಂಬವೇ ಬೆಂಗಳೂರು ಬಸ್ಸು, ರೈಲು ಹತ್ತುತ್ತವೆ. ನಾವು ಇಎಂಐ ಕಟ್ಟುವ ಫ್ಲ್ಯಾಟುಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಇರೋದು ಅವರೇ. ತಾಲ್ಲೂಕುವಾರು ಲೆಕ್ಕ ಹಾಕುವ ಸೂಚ್ಯಂಕದಲ್ಲಿ ಅವರ ಮಗು ಎಲ್ಲಿ ಬರುತ್ತೆ? ಹೆಸರು ಸುರಪುರದ ಶಾಲೆಯ ಹಾಜರಿ ಪುಸ್ತಕದಲ್ಲಿ, ಮಗು ವೈಟ್‌ಫೀಲ್ಡಿನ ಮರಳುಗುಡ್ಡೆ ಮೇಲೆ. ಊರಿನ ಬಿಸಿಯೂಟದ ಅಕ್ಕಿ ಅಲ್ಲೇ ಉಳಿಯುತ್ತೆ, ಇಲ್ಲಿ ಹತ್ತಿರದ ಸರ್ಕಾರಿ ಶಾಲೆಗೆ ಅದು ನಮ್ಮ ವ್ಯಾಪ್ತಿಯ ಮಗು ಅಲ್ಲ. ಇಂಥ ಮಕ್ಕಳನ್ನು ಯಾವ ತಾಲ್ಲೂಕಿನ ಖಾತೆಗೆ ಬರೆದಿದ್ದಾರೆ ಅಂತಲೇ ನಾನು ಹೊಸ ವರದಿಯಲ್ಲಿ ಮೊದಲು ಹುಡುಕೋದು.