ನೀರಿನ ಮೇಲೆ ಎರಚಿದ ಯೂರಿಯಾ

ಪುಷ್ಯ ಮಳೆ ಒಂದು ಗಳಿಗೆ ಹೊಳವಾದರೆ ಸಾಕು, ವರದಮೂಲದ ಸುತ್ತಿನ ಗದ್ದೆಗಳಲ್ಲಿ ಯೂರಿಯಾ ಎರಚುವವರು ಕಾಣಿಸುತ್ತಾರೆ. ಸೊಂಟಕ್ಕೆ ಆನಿಸಿದ ಬುಟ್ಟಿ, ಕಾಲು ಮುಳುಗುವಷ್ಟು ನೀರು. ಬಿಳಿ ಕಾಳು ಟಪಟಪ ಬಿದ್ದು ಕಣ್ಣೆದುರೇ ಕರಗುತ್ತದೆ. ಸಂಜೆ ಮತ್ತೆ ಮಳೆ ಹೊಡೆದರೆ ಮೇಲಿನ ಗದ್ದೆಯ ನೀರು ಕೆಳಗಿನದಕ್ಕೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ವರದಾ ನದಿಗೆ. ಬೆಳಿಗ್ಗೆ ಕೊಟ್ಟ ಗೊಬ್ಬರವೂ ಜೊತೆಗೇ ಹೊರಟಿರುತ್ತದೆ.

ಈ ಪದ್ಧತಿ ತಪ್ಪು. ತಪ್ಪು ಯೂರಿಯಾದ್ದಲ್ಲ. 45 ಕೆ.ಜಿ. ಚೀಲದಲ್ಲಿ ಶೇ. 46ರಂತೆ 20 ಕೆ.ಜಿ.ಗೂ ಮಿಕ್ಕಿ ಸಾರಜನಕವಿದೆ. ಅಮೋನಿಯಂ ಸಲ್ಫೇಟಿನಲ್ಲಿ ಅದರ ಅರ್ಧವೂ ಇಲ್ಲ. 2015ರಿಂದ ಕಡ್ಡಾಯವಾಗಿರುವ ಬೇವಿನ ಲೇಪ ಸಾರಜನಕ ರೂಪ ಬದಲಿಸುವ ವೇಗವನ್ನು ತಗ್ಗಿಸುತ್ತದೆ, ಹರಿದುಹೋಗುವ ನೀರನ್ನು ತಡೆಯುವುದಿಲ್ಲ. ನೀರಿನ ಮೇಲೆ ಉಳಿದದ್ದರಲ್ಲಿ ಒಂದಿಷ್ಟು ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಕೆಸರಿನ ಆಳಕ್ಕೆ, ಗಾಳಿಯಾಡದ ಪದರಕ್ಕೆ ಇಳಿದದ್ದು ಮಾತ್ರ ಅಮೋನಿಯಂ ಆಗಿ ಮಣ್ಣಿಗೆ ಅಂಟಿ ಬೇರಿಗೆ ದಕ್ಕುತ್ತದೆ. ಧಾರವಾಡದ ಕಡೆ ಗೋಧಿ ಬಿತ್ತುವಾಗ ಕೂರಿಗೆಯಲ್ಲೇ ಗೊಬ್ಬರ ಇಳಿಸುವುದರ ಗುಟ್ಟೂ ಇದೇ: ಗೊಬ್ಬರ ಮಣ್ಣೊಳಗಿರಬೇಕು.

ನಮ್ಮಲ್ಲಿ ಅದಕ್ಕೆ ಯಂತ್ರ ಬೇಡ. ನೀರು ಬಸಿದು, ಕಳೆ ಕಿತ್ತು, ಕೆಸರಿನ ಮೇಲೆ ಹಾಕಿ ಕಾಲಲ್ಲಿ ತುಳಿದು, ಒಂದೆರಡು ದಿನ ಬಿಟ್ಟು ನೀರು ಕಟ್ಟಿದರಾಯಿತು. ಹಿಂದಿನ ದಿನವೇ ಯೂರಿಯಾವನ್ನು ಐದಾರು ಪಾಲು ಹಸಿ ಮಣ್ಣಿನಲ್ಲಿ ಕಲಸಿಟ್ಟರೆ ಇನ್ನೂ ಒಳ್ಳೆಯದು. ಒಂದೇ ಸಲ ಸುರಿಯದೆ ನೆಟ್ಟಿಗೆ, ತೆಂಡೆ ಒಡೆಯುವಾಗ, ಹೊಡೆಗೆ ಮುಂಚೆ ಎಂದು ಹಂಚಬೇಕು. ಹೆಚ್ಚಾದರೆ ಪೈರು ಕಡುಹಸಿರಾಗಿ ಕಾಣುತ್ತದೆ ನಿಜ. ಬೆಂಕಿರೋಗ ಬರುವುದೂ ಆ ಹಸಿರಿಗೇ.

ಇನ್ನು ನ್ಯಾನೋ ಯೂರಿಯಾ. ಮೊದಲು ಬಂದ 500 ಮಿ.ಲೀ. ಬಾಟಲಿಯಲ್ಲಿ ಶೇ. 4ರಂತೆ 20 ಗ್ರಾಂ ಸಾರಜನಕವಿತ್ತು. ಅದು ಒಂದು ಚೀಲಕ್ಕೆ ಸಮ ಎಂಬ ಮಾತನ್ನು ನಾನು ಒಪ್ಪಲಾರೆ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷದ ಪ್ರಯೋಗದಲ್ಲಿ ಹರಳು ಯೂರಿಯಾ ತಗ್ಗಿಸಿ ಇದನ್ನು ಸಿಂಪಡಿಸಿದಾಗ ಭತ್ತದ ಇಳುವರಿ ಶೇ. 13, ಗೋಧಿಯದು ಶೇ. 21.6 ಕುಸಿಯಿತು.

“ನೀರು ಬಿಟ್ಟರೆ ಮತ್ತೆ ಕಟ್ಟಕ್ಕೆ ಆಗತ್ತಾ ಮಾರಾಯ? ಕಳೆ ಬರತ್ತೆ,” ಎಂದರು ಪಕ್ಕದ ಗದ್ದೆಯವರು. ಕಳೆಯ ಮಾತು ಸುಳ್ಳಲ್ಲ. ಮಳೆ ಕೈಕೊಟ್ಟ ವರ್ಷ ನೀರಿನ ಭಯವೂ ಸುಳ್ಳಲ್ಲ. ಆದರೂ ಕಳೆದ ಆಶ್ಲೇಷದಲ್ಲಿ ಹಳ್ಳದ ಬದಿಯ ಹತ್ತು ಗುಂಟೆಯ ಹಾಳಿ ಕಡಿದು ನೀರು ಬಿಟ್ಟರು. ಕೆಸರು ಬೆರಳ ಸಂದಿಯಲ್ಲಿ ಉಕ್ಕುವಷ್ಟು ಹದಕ್ಕೆ ಬಂದ ಮೇಲೇ ಬುಟ್ಟಿ ಎತ್ತಿಕೊಂಡದ್ದು.