ಸಂಯುಕ್ತ ಫರ್ಮಿಯಾನಿನ ಸಾಕ್ಷ್ಯ

ತ್ಯಾವಣಿಗೆಯ ಕಡೆಯಲ್ಲಿ, ಸೂಳೆಕೆರೆಯನ್ನು ಶಾಂತವ್ವೆ ಕಟ್ಟಿಸಿದಳೆಂಬ ಕಥೆ ಕೇಳಿದೊಡನೆ ಇತಿಹಾಸದ ಅಧ್ಯಾಪಕರಾದ ನಾವು ಶಾಸನವೆಲ್ಲಿ ಎನ್ನುತ್ತೇವೆ. 1989ರಲ್ಲಿ ಜೈನೇಂದ್ರ ಜೈನರು ಮಂಡಿಸಿದ ಸಂಯುಕ್ತ ಫರ್ಮಿಯಾನನ್ನೂ ಅದೇ ಒರೆಗಲ್ಲಿಗೆ ಹಚ್ಚಬೇಕು. ಅದನ್ನೂ ಯಾರೂ ಕಣ್ಣಾರೆ ಕಂಡಿಲ್ಲ.

1982ರಲ್ಲಿ ತ್ಸುಯಿ, ಸ್ಟೋರ್ಮರ್, ಗೊಸ್ಸಾರ್ಡ್ ಇವರು, ಒಂದೇ ಸಮತಲದಲ್ಲಿ ಚಲಿಸುವ ಎಲೆಕ್ಟ್ರಾನುಗಳನ್ನು ಪ್ರಬಲ ಕಾಂತಕ್ಷೇತ್ರದಲ್ಲಿಟ್ಟು, ಕಾಂತಪ್ರವಾಹದ ಮೂರು ಕ್ವಾಂಟಮುಗಳಿಗೆ ಒಂದು ಎಲೆಕ್ಟ್ರಾನು ಬರುವೆಡೆ ಹಾಲ್ ರೋಧವು ಮೆಟ್ಟಿಲಾಗಿ ನಿಲ್ಲುವುದನ್ನು ಕಂಡರು. ಈ 1/3ರ ಬಳಿಕ 2/5, 3/7 ಮುಂತಾದುವೂ ದೊರೆತವು. ಜೈನರ ಮತದಲ್ಲಿ ಪ್ರತಿಯೊಂದು ಎಲೆಕ್ಟ್ರಾನೂ ಎರಡು ಕ್ವಾಂಟಮ್ ಸುಳಿಗಳೊಡನೆ ಕೂಡಿ ಹೊಸ ಕಣದಂತೆ ವರ್ತಿಸುವುದು; ಈ ಭಿನ್ನರಾಶಿಗಳು ಆ ಕಣಗಳ ಪೂರ್ಣಾಂಕಗಳೇ.

ಎಲೆಕ್ಟ್ರಾನು ಕಾಂತರೇಖೆಗಳನ್ನು ನುಂಗುವುದೆಂಬ ಪ್ರಚಲಿತ ವಿವರಣೆಯನ್ನು ನಾವು ಒಪ್ಪಲಾರೆವು. ಹೊರಗಿನ ಕ್ಷೇತ್ರವು ಎಳ್ಳಷ್ಟೂ ಕುಗ್ಗದು. ಸಂಯುಕ್ತ ಕಣಕ್ಕೆ ಮಾತ್ರ ಅದು ಕುಗ್ಗಿದಂತೆ. ಹಾಗಾದರೆ ಇದು ಬರಿಯ ಲೆಕ್ಕದ ಜಾಣ್ಮೆಯೆ? ಹಾಗೆನ್ನಲು 1/2 ಅಡ್ಡಬರುವುದು. ಅಲ್ಲಿ ಎಲೆಕ್ಟ್ರಾನಿಗೆ ಎರಡೇ ಕ್ವಾಂಟಮುಗಳಿರುವುದರಿಂದ ಸಂಯುಕ್ತ ಕಣಕ್ಕೆ ಕ್ಷೇತ್ರವು ಸೊನ್ನೆಯಾಗಬೇಕು. 1993ರ ಪ್ರಯೋಗಗಳಲ್ಲಿ, ಅದರ ನೆರೆಯಲ್ಲಿ, ಕಣಗಳ ಪಥವು ಬಾಗಿದುದು ಉಳಿದ ಅಲ್ಪಕ್ಷೇತ್ರಕ್ಕೆ ತಕ್ಕಂತೆ. ಹೊರಗಿನ ಮಹಾಕ್ಷೇತ್ರಕ್ಕೆ ತಕ್ಕಂತಲ್ಲ. ಮೆಟ್ಟಿಲುಗಳನ್ನು ವಿವರಿಸಲೆಂದು ಹುಟ್ಟಿದ ಊಹೆಗೆ, ಮೆಟ್ಟಿಲೇ ಕಾಣದ ಆ ಎಡೆಯಲ್ಲಿ ಶಾಸನ ಸಿಕ್ಕಿತು.