ಮಿತ್ರದ್ವಯದ ಚಿತ್ರಕಥೆಯೂ ಸಂವಾದವಿಚಾರವೂ

ಪರದೇಶದ ಕಥಾಬಂಧವನ್ನು ತಂದು ಅಲ್ಪವ್ಯಯದಲ್ಲಿ ನಿರ್ಮಿಸಿದ ಚಲಚ್ಚಿತ್ರಗಳನ್ನು ನಕಲೆಂಬ ಒಂದೇ ಮಾತಿನಿಂದ ತಳ್ಳಿಬಿಡುವ ವಾಡಿಕೆ ವಿದ್ವಾಂಸರಲ್ಲುಂಟು. ಇದು ಶಾಸ್ತ್ರಸಮ್ಮತವಲ್ಲ. ಒಂದು ಕಾವ್ಯವಸ್ತು ಮತ್ತೊಂದನ್ನು ಹೋಲುವುದಕ್ಕೆ ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ 'ಸಂವಾದ'ವೆಂದು ಹೆಸರಿಟ್ಟು, ಪ್ರತಿಬಿಂಬದಂತಹುದು, ಚಿತ್ರದಂತಹುದು, ತುಲ್ಯದೇಹಿಯಂತಹುದು ಎಂದು ಅದನ್ನು ಮೂರಾಗಿ ವಿಂಗಡಿಸಿರುವನು. ಮೊದಲೆರಡು ತ್ಯಾಜ್ಯ, ಮೂರನೆಯದು ಗ್ರಾಹ್ಯ. ಮುಖ ಹೋಲುವ ಇಬ್ಬರನ್ನು ಒಬ್ಬನೇ ಎಂದು ಯಾರೂ ಹೇಳರಷ್ಟೆ.

ಹಾಲಿವುಡ್ಡಿನ ಮಿತ್ರದ್ವಯಸೂತ್ರವು ಸುಪರಿಚಿತವಾದುದು. ವಿರುದ್ಧಸ್ವಭಾವದ ಇಬ್ಬರು ಪುರುಷರು ಒಂದೇ ಸಂಕಟದಲ್ಲಿ ಸಿಲುಕಿ, ಕಾದಾಡುತ್ತ, ಕೊನೆಗೆ ಪ್ರಾಣಸ್ನೇಹಿತರಾಗುವರು. 1987ರ 'ಲೀಥಲ್ ವೆಪನ್' ಇದಕ್ಕೆ ಲಕ್ಷ್ಯ. ಅಲ್ಲಿ ಸ್ನೇಹವು ಕಥೆಯ ಫಲ. ದಾರಿಯುದ್ದಕ್ಕೂ ಪೋಷಕವಾದುದು ಹಾಸ್ಯ.

ಶ್ರೀ ರಾಜ್ ಬಿ. ಶೆಟ್ಟಿಯವರು ಬರೆದು ನಿರ್ದೇಶಿಸಿ, ಶಿವನ ಪಾತ್ರವನ್ನೂ ತಾವೇ ವಹಿಸಿದ 'ಗರುಡ ಗಮನ ವೃಷಭ ವಾಹನ' (2021) ಇದೇ ಸೂತ್ರವನ್ನು ಮಂಗಳೂರಿನ ಮಂಗಳಾದೇವಿಯ ಆಸುಪಾಸಿಗೆ ತಂದಿದೆ. ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು 1930ರ ಆಸುಪಾಸಿನಲ್ಲಿಯೇ ಮೂಕಚಿತ್ರಗಳನ್ನು ತಯಾರಿಸಿದ್ದರೆಂಬುದನ್ನು ನೆನೆದರೆ, ಈ ಜಿಲ್ಲೆಗೆ ಇಂತಹ ಸಾಹಸವು ಹೊಸದಲ್ಲ. ಹೊಸದಾದುದು ಸೂತ್ರದ ವಿಪರ್ಯಾಸ. ಹರಿಯೂ (ಶ್ರೀ ರಿಷಬ್ ಶೆಟ್ಟಿ) ಶಿವನೂ ಬಾಲ್ಯದ ಒಡನಾಡಿಗಳು; ಸ್ನೇಹವು ಇಲ್ಲಿ ಫಲವಲ್ಲ, ಬೀಜ. ಅದು ಒಡೆಯುವುದೇ ಕಥೆ. ಹೆಸರಿನಲ್ಲಿಯೇ ಇದರ ಸೂಚನೆಯಿದೆ: ಎರಡು ಬಹುವ್ರೀಹಿಗಳು ಅಕ್ಕಪಕ್ಕದಲ್ಲಿ ನಿಂತಿವೆ, ಅವನ್ನು ಕೂಡಿಸಲು ದ್ವಂದ್ವಸಮಾಸವೂ ಇಲ್ಲ, 'ಮತ್ತು' ಎಂಬ ಅವ್ಯಯವೂ ಇಲ್ಲ.

ಮಾರ್ಟಿನ್ ಸ್ಕೋರ್ಸೇಸಿಯ 'ಮೀನ್ ಸ್ಟ್ರೀಟ್ಸ್' (1973) ಈ ಚಿತ್ರಕ್ಕೆ ಇನ್ನೂ ಹತ್ತಿರದ್ದು. ನ್ಯೂಯಾರ್ಕಿನ ಇಟಾಲಿಯನ್ ಕೇರಿಯ ದೈವಭೀರುವಾದ ಒಬ್ಬನೂ ಅಂಕೆಯಿಲ್ಲದ ಇನ್ನೊಬ್ಬನೂ ಅದರ ನಾಯಕರು. ದೇಹವು ತುಲ್ಯವೆನ್ನಬಹುದು; ಜೀವ ಬೇರೆ. ಕೊಲೆಯಾದ ಬಳಿಕ ಶಿವನು ಕುಣಿಯುವ ಸನ್ನಿವೇಶವನ್ನು ನೋಡಬೇಕು. ಹೆಜ್ಜೆಗಳು ಮಂಗಳೂರಿನ ನವರಾತ್ರಿಯ ಹುಲಿವೇಷದವು; ಹಾಡು ಮಲೆಯ ಮಾದೇಶ್ವರನದು. ಮಾದೇಶ್ವರನಾದರೋ ಹುಲಿಯನ್ನೇರಿದ ದೇವರು! ಹೆಸರಿನಲ್ಲಿ ವೃಷಭವಾಹನನಾದವನು ಕುಣಿತದಲ್ಲಿ ತಾನೇ ಹುಲಿಯಾಗಿ, ಹುಲಿಯ ಮೇಲಿನವನ ಹಾಡಿಗೆ ಹೆಜ್ಜೆ ಹಾಕುತ್ತಾನೆ. ರೌದ್ರವೂ ಮುಗ್ಧತೆಯೂ ಒಂದೇ ಶರೀರದಲ್ಲಿ ಕೂಡುವ ಈ ಘಟ್ಟವು ಯಾವ ಪರದೇಶದ ಚಿತ್ರದಿಂದಲೂ ಬಂದುದಲ್ಲ, ಬರಲೂ ಆರದು.

ಭಾಷೆಯ ವಿಷಯದಲ್ಲಿ ಒಂದು ಮಾತು. 'ಎಂತ', 'ಮಾರಾಯ' ಎಂದು ಮಂಗಳೂರಿನಿಂದ ಪುತ್ತೂರಿನ ಪೇಟೆಯವರೆಗೂ ಕೇಳಿಬರುವ ಕನ್ನಡವು ಸಿನಿಮಾಗಳಲ್ಲಿ ಬಹುಮಟ್ಟಿಗೆ ನಗೆಪಾತ್ರಗಳ ಪಾಲಾಗಿತ್ತು. ಇಲ್ಲಿ ಅದು ಭಯವನ್ನು ಹೊತ್ತಿದೆ.

ಸ್ನೇಹವನ್ನು ಸ್ಥಾಯಿಯಾಗಿಟ್ಟು 'ಪ್ರೇಯಾನ್' ಎಂಬ ರಸವನ್ನು ರುದ್ರಟನು ಒಪ್ಪಿದನು. ಸ್ನೇಹವು ಬೇರೆ ಬೇರೆ ಭಾವಗಳಲ್ಲಿ ಅಡಗುವುದೆಂದು ಅಭಿನವಗುಪ್ತನು ನಿರಾಕರಿಸಿದನು. ಶಿವನ ಪಾತ್ರವು ರುದ್ರಟನ ಪಕ್ಷಕ್ಕೆ ಸಾಕ್ಷಿ ನುಡಿಯುತ್ತದೆ: ಅವನ ಕ್ರೋಧವೆಲ್ಲವೂ ಸ್ನೇಹದ ಸಂಚಾರಿ. ಹರಿಯ ಪಾತ್ರಕ್ಕೆ ಈ ಮಾತು ಸಲ್ಲದು. ಗೆಳೆಯನಲ್ಲಿ ಅವನಿಗೆ ಭಯ ಹುಟ್ಟುವ ಕ್ರಮವನ್ನು ಕವಿಯು ಸಾಲದಷ್ಟು ತೋರಿಸಿ, ಅವರನ್ನು ಅಗಲಿಸುವ ಪೋಲೀಸು ಅಧಿಕಾರಿ ಬ್ರಹ್ಮಯ್ಯನ ಜಾಣ್ಮೆಗೆ ಹೆಚ್ಚಿನ ಭಾರವನ್ನು ಬಿಟ್ಟಿರುವನು. ಶ್ರೀ ಗೋಪಾಲಕೃಷ್ಣ ದೇಶಪಾಂಡೆಯವರ ಅಭಿನಯವು ಆ ಭಾರವನ್ನು ಹೊರುತ್ತದೆ, ನಿಜ. ಆದರೂ ತ್ರಿಮೂರ್ತಿಗಳ ಲೆಕ್ಕವನ್ನು ಭರ್ತಿಮಾಡಲೆಂದೇ ಇಟ್ಟಂತಿರುವ ಆ ಹೆಸರಿನಲ್ಲಿ ವ್ಯಂಗ್ಯವು ವಾಚ್ಯವಾಗಿಬಿಟ್ಟಿದೆ. ಗರುಡನನ್ನೂ ವೃಷಭನನ್ನೂ ಕಂಡ ಪ್ರೇಕ್ಷಕನಿಗೆ ಹಂಸದ ಅಗತ್ಯವಿರಲಿಲ್ಲ.